ಚೆಂಡೆ ಇಲ್ಲದ ದಿಗಿಣ

ಪುತ್ತೂರು, ಸುಳ್ಯ, ಕಡಬದ ಕಡೆ ‘ನಾಳೆ ಯಕ್ಷಗಾನ ಉಂಟು’ ಎಂದು ಯಾರಾದರೂ ಹೇಳಿದರೆ ಎದುರಿನವರು ಕೇಳುವ ಮೊದಲ ಪ್ರಶ್ನೆ: ಆಟವೋ, ಕೂಟವೋ? ಆಟವೆಂದರೆ ವೇಷ ಕಟ್ಟಿ ಕುಣಿಯುವ ಬಯಲಾಟ. ಕೂಟವೆಂದರೆ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಪಂಚೆ ಉಟ್ಟು ಕುಳಿತಲ್ಲೇ ಅರ್ಥ ಹೇಳುವುದು. ಪ್ರಸಂಗ ಒಂದೇ ಇರಬಹುದು, ಪದ್ಯಗಳೂ ಅವೇ, ಭಾಗವತರೂ ಅವರೇ. ಆದರೂ ಎರಡನ್ನೂ ಅಳೆಯುವ ಕೋಲು ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಕೂಟಕ್ಕೆ ಹೋದವರು ಕಿರೀಟ ಕಾಣಲಿಲ್ಲವೆಂದು ಕೊರಗುತ್ತಿರಲಿಲ್ಲ. ಏನನ್ನು ಬಿಟ್ಟಿದ್ದಾರೆ, ಬಿಟ್ಟದ್ದರಿಂದ ಉಳಿದದ್ದಕ್ಕೆ ಯಾವ ಬಲ ಬಂದಿದೆ ಎಂಬುದು ಅವರಿಗೆ ಗೊತ್ತಿತ್ತು.

ಆ್ಯನಿಮೇಶನ್‌ಗಳನ್ನು ಹಂಚಿಕೊಳ್ಳುವಾಗ ಯಾವ ಫೈಲ್ ಫಾರ್ಮ್ಯಾಟ್ ಆರಿಸಬೇಕು ಎಂಬ ಪ್ರಶ್ನೆಯನ್ನು ಸಾಹಿತ್ಯ ಪತ್ರಿಕೆಯಲ್ಲಿ ಎತ್ತುವುದಕ್ಕೆ ನನಗಿರುವ ಧೈರ್ಯ ಇಷ್ಟೇ: ಇದೂ ‘ಆಟವೋ, ಕೂಟವೋ’ ಎಂಬ ಪ್ರಶ್ನೆಯೇ. ಸಾಮಾನ್ಯವಾಗಿ ಇದನ್ನು ತಂತ್ರಜ್ಞಾನದ ಅಂಕಣಕ್ಕೆ ಬಿಟ್ಟುಬಿಡುತ್ತೇವೆ. ಅಲ್ಲಿ ಉತ್ತರ ಕಿಲೋಬೈಟ್‌ಗಳಲ್ಲಿ ಸಿಗುತ್ತದೆ: ಇದು ಚಿಕ್ಕದು, ಅದು ದೊಡ್ಡದು, ಚಿಕ್ಕದನ್ನು ಆರಿಸಿ. ಆದರೆ ಚಿಕ್ಕದಾಗುವಾಗ ಹೋದದ್ದೇನು ಎಂದು ಕೇಳುವುದು ವಿಮರ್ಶೆಯ ಕೆಲಸ. ಆ ಕೆಲಸ ನಡೆಯುತ್ತಿಲ್ಲವಾದ್ದರಿಂದ ನಮ್ಮ ಕಡೆಯ ಕುಣಿತ, ಲಿಪಿ, ಕೃಷಿ ಎಲ್ಲವೂ ಒಂದೇ ಅಚ್ಚಿಗೆ ಬಿದ್ದು ಮೊಬೈಲುಗಳಲ್ಲಿ ಓಡಾಡುತ್ತಿವೆ.

ಮೊದಲು ಹೆಸರಿನ ವಿಚಾರ. ಎಲ್ಲರಿಗೂ ಗೊತ್ತಿರುವ ಆ ಮೂರಕ್ಷರದ ಫಾರ್ಮ್ಯಾಟನ್ನು 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಸಂಸ್ಥೆ ಹೊರತಂದಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಸ್ಟೀವ್ ವಿಲ್‌ಹೈಟ್ ಅದನ್ನು ‘ಜಿಫ್’ ಎಂದೇ ಕರೆಯಬೇಕೆಂದು ಕೊನೆಯವರೆಗೂ ಹೇಳುತ್ತಿದ್ದರು. ಜಗತ್ತಿನ ದೊಡ್ಡ ಭಾಗ ‘ಗಿಫ್’ ಎಂದೇ ಹೇಳುತ್ತದೆ. ಇಂಗ್ಲಿಷಿನವರು ಮೂರು ಅಕ್ಷರ ಬರೆದು ಉಚ್ಚಾರವನ್ನು ಓದುವವರಿಗೆ ಬಿಟ್ಟು ಪಾರಾಗಬಹುದು. ಕನ್ನಡದಲ್ಲಿ ಆ ದಾರಿ ಇಲ್ಲ. ಬರೆಯಲು ಹೊರಟ ಕ್ಷಣವೇ ಗಕಾರವೋ ಜಕಾರವೋ ತೀರ್ಮಾನವಾಗಬೇಕು. ನಾನು ಮಾಡಿದವರ ಮಾತಿಗೆ ಬೆಲೆ ಕೊಟ್ಟು ‘ಜಿಫ್’ ಎಂದು ಬರೆಯುತ್ತೇನೆ. ಲಿಪಿ ಬದಲಾದರೆ ಕೆಲವು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ; ಫಾರ್ಮ್ಯಾಟ್ ಬದಲಾದಾಗಲೂ ಹಾಗೆಯೇ.

ನಾನು ಪುತ್ತೂರಿನಲ್ಲಿ ಕನ್ನಡ ಪಾಠ ಹೇಳುವವನು. ಈಚೆಗೆ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಯ ಜೊತೆ ಸಣ್ಣ ಆ್ಯನಿಮೇಶನ್‌ಗಳನ್ನೂ ಮಾಡಿ ತರುತ್ತಾರೆ. ಕಡಬ ಕಡೆಯ ಒಬ್ಬ ಹುಡುಗಿ ತೆಂಕುತಿಟ್ಟಿನ ಪುಂಡುವೇಷದ ದಿಗಿಣವನ್ನು ಚಿತ್ರಿಸಿ ತಂದಿದ್ದಳು. ನಾಲ್ಕು ಸೆಕೆಂಡಿನ ತುಣುಕು. ಸೆಕೆಂಡಿಗೆ 24ರಂತೆ 96 ಚಿತ್ರಗಳು, ಒಂದೊಂದನ್ನೂ ಕೈಯಲ್ಲೇ ಬಿಡಿಸಿದ್ದು. ಅಭಿಮನ್ಯು ಗಾಳಿಯಲ್ಲಿ ತಿರುಗುವಾಗ ದೇಹ ಹಿಂದಕ್ಕೆ ಬಾಗುವ ಬಗೆ, ಕಾಲು ಮಡಚಿಕೊಳ್ಳುವ ಕ್ಷಣ, ನೆಲ ಮುಟ್ಟಿದ ಮೇಲೆ ಬಟ್ಟೆ ಒಂದಿಷ್ಟು ತಡವಾಗಿ ಕೆಳಗಿಳಿಯುವುದು, ಎಲ್ಲವನ್ನೂ ನೋಡಿ ನೋಡಿ ಹಿಡಿದಿದ್ದಳು. ಅದನ್ನು ಜಿಫ್ ಮಾಡಿ ಮನೆಯವರ ಗುಂಪಿಗೆ ಕಳಿಸಿದಾಗ, ಚೆಂಡೆ ಬಾರಿಸುವ ಅವಳ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಚಂದ ಉಂಟು. ಆದರೆ ಇವ ಹಾರುದು ಯಾವ ತಾಳಕ್ಕೆ ಮಾರಾಯ್ತಿ?”

ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ಜಿಫ್ ಬಗ್ಗೆ ನಾನು ಓದಿಲ್ಲ. ಒಂದೊಂದಾಗಿ ನೋಡೋಣ.

ಜಿಫ್‌ಗೆ ಶಬ್ದವಿಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರ ಕಾಲದ ಲೆಕ್ಕ. ಜಿಫ್‌ನಲ್ಲಿ ಒಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಸೆಕೆಂಡಿನ ನೂರನೇ ಒಂದು ಭಾಗದ ಪೂರ್ಣಸಂಖ್ಯೆಗಳಲ್ಲಿ ಮಾತ್ರ ಹೇಳಬಹುದು. ಸೆಕೆಂಡಿಗೆ 24 ಚಿತ್ರವೆಂದರೆ ಒಂದೊಂದಕ್ಕೆ ಸಿಗುವುದು ನೂರರಲ್ಲಿ 4.17 ಭಾಗ. ಜಿಫ್‌ನಲ್ಲಿ ಅದು 4 ಆಗಬೇಕು ಅಥವಾ 5. ನಾಲ್ಕಾದರೆ ಒಂದು ನಿಮಿಷದ ಕುಣಿತ 57.6 ಸೆಕೆಂಡಿಗೆ ಮುಗಿಯುತ್ತದೆ. ಐದಾದರೆ 72 ಸೆಕೆಂಡಿಗೆ ಎಳೆಯುತ್ತದೆ. ಐದು ಚಿತ್ರಗಳಿಗೆ 4, ಆರನೆಯದಕ್ಕೆ 5 ಎಂದು ಕೈಯಿಂದ ಕೂರಿಸಿದರೆ ಒಟ್ಟು ಲೆಕ್ಕ ಸರಿಹೋಗುತ್ತದೆ, ಆದರೆ ಅಷ್ಟು ತಾಳ್ಮೆ ಯಾರಿಗಿದೆ? ಸಿನಿಮಾದ ದೃಶ್ಯಕ್ಕೆ ಈ ವ್ಯತ್ಯಾಸ ಕಾಣದೇ ಹೋಗಬಹುದು. ತಾಳದ ಮೇಲೆ ನಿಂತ ಕುಣಿತಕ್ಕೆ ಇದು ಸಣ್ಣ ವಿಷಯವಲ್ಲ. ಹೆಜ್ಜೆ ನೆಲಕ್ಕೆ ಬೀಳುವ ಕ್ಷಣವೂ ಚೆಂಡೆಯ ಪೆಟ್ಟೂ ಒಂದಾದಾಗಲೇ ದಿಗಿಣ ದಿಗಿಣವಾಗುವುದು. ಇಲ್ಲವಾದರೆ ಅದು ಬರೀ ಜಿಗಿತ.

ಮೂರನೆಯದು ಸುತ್ತು. ಚಿತ್ರಗಳನ್ನು ಕೊನೆಯಿಲ್ಲದೆ ಮತ್ತೆ ಮತ್ತೆ ತೋರಿಸುವ ಗುಣ ಜಿಫ್‌ಗೆ ಹುಟ್ಟಿನಿಂದ ಬಂದದ್ದಲ್ಲ. 1990ರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಸೇರಿಸಿದ್ದು. ಇಂದು ಜಿಫ್ ಎಂದರೆ ಸುತ್ತುವುದು ಎಂದೇ ಅರ್ಥ. ತಾಳವೂ ಸುತ್ತೇ, ಆವರ್ತನವೆಂಬ ಮಾತೇ ಅದನ್ನು ಹೇಳುತ್ತದೆ. ಹಾಗಾಗಿ ಎರಡೂ ಒಗ್ಗಬೇಕಿತ್ತು ಎನ್ನಿಸಬಹುದು. ಒಂದು ಆವರ್ತನಕ್ಕೆ ಸರಿಯಾಗಿ ಕೂರುವ ಸರಳ ಹೆಜ್ಜೆಯಾದರೆ ಒಗ್ಗುತ್ತದೆ ಕೂಡ. ದಿಗಿಣ ಹಾಗಲ್ಲ. ಅದು ಏರುತ್ತಾ ಹೋಗಿ ಒಂದು ಮುಕ್ತಾಯಕ್ಕೆ ಬಂದು ನಿಲ್ಲುವಂಥದು. ಸಭೆ ಉಸಿರು ಬಿಡುವುದು ಆ ನಿಲುಗಡೆಯಲ್ಲಿ. ಜಿಫ್‌ನಲ್ಲಿ ಅಭಿಮನ್ಯು ನಿಲ್ಲುವುದೇ ಇಲ್ಲ. ನಾಲ್ಕು ಸೆಕೆಂಡಿಗೊಮ್ಮೆ ಆಯಾಸವಿಲ್ಲದೆ ಮತ್ತೆ ಹಾರುತ್ತಾನೆ. ಚಕ್ರವ್ಯೂಹದಿಂದ ಹೊರಬರಲು ತಿಳಿಯದ ಹುಡುಗನಿಗೆ ಕುಣಿತದಿಂದಲೂ ಹೊರದಾರಿ ಇಲ್ಲದಾಗುತ್ತದೆ. ಕಲಾವಿದರ ದೇಹದ ದಣಿವು, ದಣಿವನ್ನು ಮೀರಿದ ಛಲ, ಇವೆರಡೂ ಸುತ್ತಿನಲ್ಲಿ ಅಳಿಸಿಹೋಗುತ್ತವೆ.

ಇಲ್ಲಿ ಶಿವರಾಮ ಕಾರಂತರ ನೆನಪಾಗುವುದು ಸಹಜ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಅವರು ಬಡಗುತಿಟ್ಟಿನ ಯಕ್ಷಗಾನವನ್ನು ಬ್ಯಾಲೆಯಾಗಿ ಕಟ್ಟಿದರು. ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿದರು, ಮಾತನ್ನು ಬಿಟ್ಟರು, ಪಿಟೀಲು, ಸ್ಯಾಕ್ಸೋಫೋನ್ ತಂದರು. ಮಾತೇ ಯಕ್ಷಗಾನದ ಜೀವ ಎನ್ನುವವರಿಗೆ ಇದು ಒಪ್ಪಿಗೆಯಾಗಲಿಲ್ಲ, ಇಂದಿಗೂ ಆಗಿಲ್ಲ. ಆ ಜಗಳ ಇಲ್ಲಿ ಬೇಡ. ಗಮನಿಸಬೇಕಾದದ್ದು, ಕಾರಂತರು ಏನನ್ನು ಬಿಡುತ್ತಿದ್ದೇನೆಂದು ತಿಳಿದು ಬಿಟ್ಟರು, ಯಾಕೆಂದು ಬರೆದರು, ತಾಳವನ್ನೂ ಹಾಡನ್ನೂ ಬಿಡಲಿಲ್ಲ. ವಿರೋಧಿಸಿದವರಿಗೂ ಏನನ್ನು ವಿರೋಧಿಸುತ್ತಿದ್ದೇವೆಂದು ಗೊತ್ತಿತ್ತು. ‘ಜಿಫ್ ಆಗಿ ಉಳಿಸು’ ಎಂಬ ಗುಂಡಿ ಒತ್ತುವಾಗಲೂ ಅಷ್ಟೇ ದೊಡ್ಡ ಕತ್ತರಿ ಆಡುತ್ತದೆ. ಆಡಿಸಿದವರು ಯಾರು, ಯಾಕೆ ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ.

ಹಾಗಾದರೆ ದಿಗಿಣಕ್ಕೆ ಏನು ಮಾಡಬೇಕು? ಶಬ್ದವಿರುವ ಎಂಪಿ4 ವಿಡಿಯೋ. ಇದರಲ್ಲಿ ರೋಚಕವಾದದ್ದೇನೂ ಇಲ್ಲ, ಆದರೆ ಇದೇ ಸರಿ. ಲೆಕ್ಕವನ್ನೂ ನೋಡಿ. 512 ಚುಕ್ಕೆ ಅಗಲ, ಅಷ್ಟೇ ಎತ್ತರದ 96 ಚಿತ್ರಗಳನ್ನು 256 ಬಣ್ಣದ ಮಿತಿಯಲ್ಲಿ ಕುಗ್ಗಿಸದೆ ಇಟ್ಟರೆ ಸುಮಾರು 25 ಎಂಬಿ ಆಗುತ್ತದೆ. ಪೂರ್ತಿ ಬಣ್ಣದಲ್ಲಾದರೆ 75 ಎಂಬಿ. ಜಿಫ್ ಇದನ್ನು ಕುಗ್ಗಿಸುವುದು ಹಳೆಯ ಕ್ರಮದಲ್ಲಿ: ಒಂದೇ ಬಗೆಯ ಚುಕ್ಕೆಗಳ ಸಾಲು ಮರುಕಳಿಸಿದರೆ ಅದಕ್ಕೊಂದು ಸಂಕೇತ ಕೊಟ್ಟು. ಹಿಂದಿನ ಚಿತ್ರಕ್ಕಿಂತ ಬದಲಾದ ಭಾಗವನ್ನಷ್ಟೇ ಇಡಬಹುದು. ಆದರೆ ಕೈ ಇಲ್ಲಿಂದ ಅಲ್ಲಿಗೆ ಸರಿದಿದೆ ಎಂಬುದು ಅದಕ್ಕೆ ತಿಳಿಯದು. ವಿಡಿಯೋ ಫಾರ್ಮ್ಯಾಟುಗಳು ಚಲನೆಯನ್ನೇ ಲೆಕ್ಕ ಹಾಕುತ್ತವೆ. ಸರಿದದ್ದನ್ನು ‘ಸರಿದಿದೆ’ ಎಂದೇ ಬರೆದಿಡುತ್ತವೆ. ಅದಕ್ಕೇ ಅವು ಅಷ್ಟು ಚಿಕ್ಕವು. ಇದರ ಅರಿವು ದೊಡ್ಡ ಕಂಪನಿಗಳಿಗೆ ಎಂದೋ ಆಗಿದೆ. ವಾಟ್ಸಾಪ್‌ನಲ್ಲಿ ನಾವು ಜಿಫ್ ಎಂದು ಕಳಿಸುವುದು ಒಳಗೆ ಶಬ್ದ ತೆಗೆದ ಎಂಪಿ4. ಹೆಸರು ಮಾತ್ರ ಜಿಫ್.

ಕಿಲೋಬೈಟಿನ ಮಾತು ಬೇಡವೆಂದು ಆರಂಭಿಸಿ ಇಲ್ಲಿಗೆ ಬಂದದ್ದಕ್ಕೆ ಕಾರಣವಿದೆ. ನಮ್ಮ ಕಡೆ ಗಾತ್ರವೆಂಬುದು ಬರೀ ಅಂಕಿಯಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶವಿಡೀ ಹರಿದಾಡಿತು: ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿರುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಘಟ್ಟದ ಬುಡದ ಊರುಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದು ಈಗಲೂ ಮುಗಿದ ಕತೆಯಲ್ಲ. ಎಂಬಿಗಟ್ಟಲೆ ಜಿಫ್ ಕಳಿಸುವವರು ಆ ಕೊಡೆಯ ಕೆಳಗೆ ಕುಳಿತವರ ಹೊತ್ತನ್ನು ಕೇಳದೆ ತೆಗೆದುಕೊಳ್ಳುತ್ತಾರೆ. ಫಾರ್ಮ್ಯಾಟಿನ ಆಯ್ಕೆಯಲ್ಲಿ ರಸದ ಪ್ರಶ್ನೆಯ ಜೊತೆಗೆ ಸೌಜನ್ಯದ ಪ್ರಶ್ನೆಯೂ ಇದೆ.

ಇಷ್ಟು ಹೇಳಿದ ಮೇಲೆ ಜಿಫ್ ಪರವಾಗಿಯೂ ವಾದಿಸಬೇಕು. ಕೂಟವನ್ನು ಆಟವಲ್ಲವೆಂದು ಬೈಯುವುದು ಸರಿಯಲ್ಲ.

ತುಳು ಲಿಪಿಯನ್ನು ತೆಗೆದುಕೊಳ್ಳಿ. ಈ ಲಿಪಿ ಯೂನಿಕೋಡ್‌ಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ ಬಂದ 16ನೇ ಆವೃತ್ತಿಯಲ್ಲಿ, ‘ತುಳು-ತಿಗಳಾರಿ’ ಎಂಬ ಹೆಸರಿನಿಂದ. ಅದಕ್ಕೆ ಮೊದಲು ತುಳು ಅಕ್ಷರ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬೇಕಾದರೆ ಚಿತ್ರವಾಗಿಯೇ ಹೋಗಬೇಕಿತ್ತು. ಫಾಂಟುಗಳು ಎಲ್ಲರ ಕೈಗೆ ಬರುವವರೆಗೆ ಇನ್ನೂ ಸ್ವಲ್ಪ ಕಾಲ ಹಾಗೆಯೇ. ಒಂದು ಅಕ್ಷರವನ್ನು ಎಲ್ಲಿಂದ ಶುರುಮಾಡಬೇಕು, ಗೆರೆ ಯಾವ ಕಡೆ ಬಳುಕಬೇಕು, ಎಲ್ಲಿ ಮುಗಿಯಬೇಕು ಎಂದು ಕಲಿಸುವ ಸಣ್ಣ ಆ್ಯನಿಮೇಶನ್‌ಗೆ ಜಿಫ್ ಹೇಳಿ ಮಾಡಿಸಿದ ಹಾಗಿದೆ. ಬಣ್ಣ ಎರಡು ಸಾಕು, ಹಾಗಾಗಿ ಫೈಲು ಹಗುರ. ಶಬ್ದ ಬೇಡ. ತಾಳ ತಪ್ಪುವ ಭಯವಿಲ್ಲ. ಸುತ್ತು ಇಲ್ಲಿ ಗುಣ: ಮರಳಿನ ಮೇಲೆ, ಸ್ಲೇಟಿನ ಮೇಲೆ ತಿದ್ದಿಸುವ ಮೇಷ್ಟ್ರು ಮತ್ತೆ ಮತ್ತೆ ಬರೆದು ತೋರಿಸುತ್ತಿದ್ದಂತೆ ಜಿಫ್ ಬೇಸರವಿಲ್ಲದೆ ಬರೆದು ತೋರಿಸುತ್ತದೆ. ದಿಗಿಣವನ್ನು ಕೊಂದ ಸುತ್ತು ಅಕ್ಷರವನ್ನು ಕಲಿಸುತ್ತದೆ.

ಈ ಕೆಲಸಕ್ಕೆ ಇನ್ನೂ ಒಳ್ಳೆಯದೊಂದಿದೆ: ಎಪಿಎನ್‌ಜಿ. ಅದರ ಹಿಂದಿನ ಕತೆ ಸ್ವಾರಸ್ಯದ್ದು. ಜಿಫ್ ಬಳಸುವ ಕುಗ್ಗಿಸುವ ವಿಧಾನದ ಪೇಟೆಂಟ್ ಯುನಿಸಿಸ್ ಕಂಪನಿಯ ಕೈಲಿತ್ತು. 1994ರ ಕೊನೆಗೆ ಅದಕ್ಕೆ ಹಣ ಕೇಳುವ ಸುದ್ದಿ ಬಂದಾಗ ಸಿಟ್ಟಿಗೆದ್ದ ತಂತ್ರಜ್ಞರು ಸೇರಿ ಯಾರ ಹಂಗೂ ಇಲ್ಲದ ಪಿಎನ್‌ಜಿ ಎಂಬ ಹೊಸ ಫಾರ್ಮ್ಯಾಟ್ ಕಟ್ಟಿದರು. ಆದರೆ ಅದರಲ್ಲಿ ಚಲನೆ ಇರಲಿಲ್ಲ. 2004ರಲ್ಲಿ ಮೊಜಿಲ್ಲಾದ ಇಬ್ಬರು ಚಲಿಸುವ ಪಿಎನ್‌ಜಿಯ ಕಲ್ಪನೆ ಮುಂದಿಟ್ಟರು. 2007ರಲ್ಲಿ ಪಿಎನ್‌ಜಿ ಬಳಗ ಮತ ಹಾಕಿ ಅದನ್ನು ತಿರಸ್ಕರಿಸಿತು. ಬ್ರೌಸರುಗಳು ಒಂದೊಂದಾಗಿ ಒಪ್ಪಿಕೊಂಡವು. ಕೊನೆಗೆ 2025ರಲ್ಲಿ ಅದು ಪಿಎನ್‌ಜಿಯ ಅಧಿಕೃತ ಮಾನದಂಡದೊಳಗೇ ಬಂತು. ಊರಿನವರು ಮೊದಲೇ ಬಳಸಿ, ಪಂಡಿತರು ಆಮೇಲೆ ನಿಘಂಟಿಗೆ ಸೇರಿಸಿದ ಮಾತಿನಂತೆ.

ಇದರಲ್ಲಿ ಕಾಲವನ್ನು ಭಿನ್ನರಾಶಿಯಲ್ಲಿ ಹೇಳಬಹುದು, 24ರಲ್ಲಿ 1 ಎಂದೇ ಬರೆಯಬಹುದು; ಬಣ್ಣಕ್ಕೆ 256ರ ಮಿತಿಯಿಲ್ಲ. ಪಾರದರ್ಶಕತೆಯೂ ನಯವಾದದ್ದು. ಜಿಫ್‌ನಲ್ಲಿ ಒಂದು ಚುಕ್ಕೆ ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮಾಯವಾಗಬೇಕು. ಬಿಳಿ ಹಿನ್ನೆಲೆಗೆಂದು ಮಾಡಿದ ಚಿತ್ರವನ್ನು ಕಪ್ಪು ಪರದೆಯಲ್ಲಿಟ್ಟರೆ ಅಕ್ಷರದ ಅಂಚಿನಲ್ಲಿ ಬಿಳಿ ಹುಡಿ ಅಂಟಿದ ಹಾಗೆ ಕಾಣುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇದು: ಚಲನೆ ಅರ್ಥವಾಗದ ಹಳೆಯ ತಂತ್ರಾಂಶದಲ್ಲಿ ತೆರೆದರೆ ಎಪಿಎನ್‌ಜಿ ಮುರಿದುಹೋಗುವುದಿಲ್ಲ. ಒಂದು ಸ್ಥಿರ ಚಿತ್ರವನ್ನು ತೋರಿಸಿ ಸುಮ್ಮನಿರುತ್ತದೆ. ಆ ಚಿತ್ರವಾಗಿ ಪೂರ್ತಿ ಬರೆದ ಅಕ್ಷರವನ್ನು ಇಟ್ಟರೆ, ಬರೆಯುವ ಕ್ರಮ ಕಾಣದವರಿಗೂ ಅಕ್ಷರ ಸಿಗುತ್ತದೆ. ಆದರೆ ವಾಟ್ಸಾಪಿನಲ್ಲಿ ಮಾಮೂಲಿ ಚಿತ್ರದಂತೆ ಕಳಿಸಿದರೆ ಅದರ ಚಲನೆ ಉಳಿಯುವುದಿಲ್ಲ. ಹಾಗಾಗಿ ವೆಬ್ ಪುಟಕ್ಕೆ ಎಪಿಎನ್‌ಜಿ, ಮನೆಯವರ ಗುಂಪಿಗೆ ಜಿಫ್ ಎಂದು ಬೇರೆ ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಸ್ಟಿಕ್ಕರ್ ಆಗಬೇಕೆಂದರೆ ಗೂಗಲಿನವರ ವೆಬ್‌ಪಿ. ವಾಟ್ಸಾಪ್ ಚಲಿಸುವ ಸ್ಟಿಕ್ಕರಿಗೆ ಕೊಡುವ ಜಾಗ 500 ಕೆಬಿ. ಹುಬ್ಬು ಹಾರಿಸುವ ಹಾಸ್ಯಗಾರನಿಗೆ ಅಷ್ಟು ಸಾಕು.

ಮೂರನೆಯ ಉದಾಹರಣೆ ತೋಟದ್ದು. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಗೇರು ಕಸಿ ಇಲ್ಲಿನವರಿಗೆ ಹೊಸದಲ್ಲ. ಎಳೆ ಗಿಡದ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಬೆಣೆಯ ಹಾಗೆ ಕೆತ್ತಿದ ಕಸಿಕಡ್ಡಿಯನ್ನು ತೊಗಟೆಗೆ ತೊಗಟೆ ಸೇರುವಂತೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಯಾಗಿ ಸುತ್ತಬೇಕು. ಇದನ್ನು ಆ್ಯನಿಮೇಶನ್ ಮಾಡಿದರೆ ಯಾವ ಫಾರ್ಮ್ಯಾಟ್? ಇಲ್ಲಿ ಕೈಯಲ್ಲಿ ಚಾಕು ಇದೆ. ಕಲಿಯುವವರಿಗೆ ನಿಲ್ಲಿಸುವ ಅಧಿಕಾರ ಬೇಕು. ಮಾಮೂಲಿ ಜಿಫ್‌ಗೆ ನಿಲ್ಲಿಸುವ ಗುಂಡಿ ಇಲ್ಲ. ಪಟ್ಟಿ ಸುತ್ತಿ ಮುಗಿಯಿತು ಎನ್ನುವಷ್ಟರಲ್ಲಿ ಗಿಡದ ತಲೆ ಮತ್ತೆ ಹಾರುತ್ತದೆ. ವಿಡಿಯೋ ಆದರೆ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲಿ ಚಲನೆ ಬೇಕೇ ಎಂದೂ ಕೇಳಬೇಕು. 1988ರಿಂದ ಪುತ್ತೂರಿನಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯಂಥ ಮುದ್ರಿತ ಪತ್ರಿಕೆಗಳು ಚಲಿಸದ ಚಿತ್ರಗಳನ್ನೇ ಜೋಡಿಸಿ ಕೃಷಿಕರಿಗೆ ಕೃಷಿಕರ ಅನುಭವ ಮುಟ್ಟಿಸಿವೆ. ಐದು ಸ್ಥಿರ ಚಿತ್ರ, ಐದು ಸಾಲು ಬರಹ ಸಾಕಾಗುವಲ್ಲಿ ಅಲುಗಾಡಿಸುವುದು ಅಲಂಕಾರ ಮಾತ್ರ. ಯಾವ ಫಾರ್ಮ್ಯಾಟೂ ಬೇಡ ಎಂಬುದೂ ಒಂದು ಆಯ್ಕೆ.

ಇನ್ನು ಉಳಿಯುವ ಪ್ರಶ್ನೆ. ಒಂದು ಕಾಲಕ್ಕೆ ವೆಬ್‌ನ ಆ್ಯನಿಮೇಶನ್ ಎಂದರೆ ಫ್ಲ್ಯಾಶ್ ಎಂದೇ ಆಗಿತ್ತು. ಪಾಠ, ಆಟ, ಶುಭಾಶಯ ಪತ್ರ ಎಲ್ಲವೂ ಅದರಲ್ಲೇ. ಒಂದೇ ಕಂಪನಿಯ ಕೈಯಲ್ಲಿದ್ದ ಅದನ್ನು ಅಡೋಬಿ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಫೈಲುಗಳು ಹಾಗೆಯೇ ಇದ್ದವು, ತೆರೆಯುವ ಸಾಧನ ಹೋಯಿತು. ರಫಲ್ ಎಂಬ ಮುಕ್ತ ತಂತ್ರಾಂಶ ಬಂದು ಅವುಗಳಲ್ಲಿ ಒಂದಷ್ಟನ್ನು ಮತ್ತೆ ಓದುವಂತೆ ಮಾಡಿತು. ಇದು ನಮಗೆ ಗೊತ್ತಿರುವ ಕತೆಯೇ. ತುಳು ಲಿಪಿಯ ತಾಳೆಗರಿಗಳು ಮನೆಗಳ ಅಟ್ಟದಲ್ಲಿ ಇದ್ದವು, ಓದುವವರು ಕಡಿಮೆಯಾಗಿದ್ದರು. ವೆಂಕಟರಾಜ ಪುಣಿಂಚತ್ತಾಯರಂಥ ವಿದ್ವಾಂಸರು ಹುಡುಕಿ ಓದಿ ಸಂಪಾದಿಸಿದ ಮೇಲೆ ತಾನೇ ‘ಶ್ರೀ ಭಾಗವತೊ’ ಮತ್ತೆ ಓದುಗರಿಗೆ ಸಿಕ್ಕಿದ್ದು. ಗರಿ ಗಟ್ಟಿಯಾಗಿದ್ದರೆ ಸಾಲದು, ಲಿಪಿ ಬಲ್ಲವರು ಇರಬೇಕು. ಫಾರ್ಮ್ಯಾಟಿನ ಆಯಸ್ಸು ಅದನ್ನು ಓದಬಲ್ಲವರ ಸಂಖ್ಯೆಯಲ್ಲಿದೆ. ಜಿಫ್‌ಗೆ ಇಷ್ಟು ದೋಷಗಳಿದ್ದೂ ಅದು ಸಾಯದಿರಲು ಕಾರಣವೂ ಇದೇ: ಅದರ ಪೇಟೆಂಟ್ ಅಮೆರಿಕದಲ್ಲಿ 2003ರಲ್ಲೇ ಮುಗಿದಿದೆ, ಅದನ್ನು ಓದಲಾರದ ಯಂತ್ರ ಸಿಗುವುದು ಕಷ್ಟ.

ಆದ್ದರಿಂದ ಹಂಚುವ ಪ್ರತಿಯೂ ಕಾಪಿಡುವ ಪ್ರತಿಯೂ ಒಂದೇ ಆಗಬಾರದು. ಹಂಚುವುದು ಪರದೆಗೂ ಸಿಗ್ನಲ್‌ಗೂ ತಕ್ಕಂತೆ ಸೊರಗಲಿ. ಕಾಪಿಡುವುದು ಬಿಡಿಸಿದ ಅಷ್ಟೂ ಚಿತ್ರಗಳು ಒಂದೊಂದಾಗಿ, ಪಿಎನ್‌ಜಿ ರೂಪದಲ್ಲಿ, ಚೆಂಡೆಯ ಶಬ್ದ ಬೇರೆ ಫೈಲಿನಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ ಒಂದು ಚೀಟಿಯಲ್ಲಿ. ಇಷ್ಟಿದ್ದರೆ ನಾಳೆ ಯಾವ ಫಾರ್ಮ್ಯಾಟ್ ಬಂದರೂ ದಿಗಿಣವನ್ನು ಮತ್ತೆ ಕಟ್ಟಬಹುದು. ಜಿಫ್ ಒಂದನ್ನೇ ಉಳಿಸಿಕೊಂಡರೆ ಕಟ್ಟಲಾಗದು. ಹೋದ ಬಣ್ಣ, ಹೋದ ತಾಳ ಅದರಿಂದ ವಾಪಸು ಬರುವುದಿಲ್ಲ.

ಈ ವರ್ಷದಿಂದ ಆ್ಯನಿಮೇಶನ್ ತರುವ ವಿದ್ಯಾರ್ಥಿಗಳಿಗೆ ಒಂದು ಪುಟ ಬರೆದು ತರಲು ಹೇಳಿದ್ದೇನೆ. ಎರಡೇ ಪ್ರಶ್ನೆ: ಈ ಫಾರ್ಮ್ಯಾಟಿಗೆ ಇಳಿಸುವಾಗ ಏನನ್ನು ಬಿಟ್ಟಿರಿ? ಬಿಟ್ಟದ್ದನ್ನು ಎಲ್ಲಿ ಇಟ್ಟಿದ್ದೀರಿ? ದಿಗಿಣ ಬಿಡಿಸಿದ ಹುಡುಗಿ ಅದನ್ನು ಮತ್ತೆ ಮಾಡಿದ್ದಾಳೆ. ಈ ಸಲ ದೊಡ್ಡಪ್ಪನೇ ಚೆಂಡೆ ಬಾರಿಸಿದ್ದಾರೆ. ಅವಳು ಮೊದಲು ಶಬ್ದ ಮುದ್ರಿಸಿಕೊಂಡು, ಪೆಟ್ಟು ಬಿದ್ದಲ್ಲೆಲ್ಲ ಗುರುತು ಹಾಕಿ, ಹೆಜ್ಜೆಯ ಚಿತ್ರಗಳನ್ನು ಅಲ್ಲಿಗೆ ಸರಿಸಿದ್ದಾಳೆ. ಕೊನೆಯಲ್ಲಿ ಅಭಿಮನ್ಯು ಒಂದು ಸೆಕೆಂಡು ಸುಮ್ಮನೆ ನಿಲ್ಲುತ್ತಾನೆ. ಆ ನಿಂತ ಹೊತ್ತಿಗೆ ಬೇಕಾದ 24 ಚಿತ್ರಗಳಲ್ಲಿ ಅವಳು ಬಿಡಿಸಿದ್ದು ಎರಡು ಮಾತ್ರ, ಎದೆ ಏರಿದ್ದು ಒಂದು, ಇಳಿದದ್ದು ಒಂದು.